ಸಂಜೆ ಆರೂವರೆಗೆ ಫ್ರಿಡ್ಜ್ ಮುಂದೆ ನಿಂತ್ಕೊಂಡು "ಏನ್ ಮಾಡ್ಲಿ" ಅನ್ನೋರಿಗೆ

ನನ್ ಮಗಳು ಸಂಜೆ ಕೆಲಸ ಮುಗಿಸ್ಕೊಂಡು ಬರೋದನ್ನ ಒಂದ್ ವಾರ ಸುಮ್ನೆ ಕೂತು ನೋಡ್ದೆ. ಹೆಗಲ ಮೇಲಿನ ಬ್ಯಾಗೂ ಇಳಿಸಿರಲ್ಲ, ಸೀದಾ ಬಂದು ಫ್ರಿಡ್ಜ್ ಬಾಗ್ಲು ತೆಗೆದು ನಿಂತ್ಬಿಡ್ತಾಳೆ, ಒಳಗಿನ ಲೈಟು ಮುಖಕ್ಕೆ ಹೊಡೀತಿರತ್ತೆ, ಚಿಕ್ಕೋನು ಹಿಂದಿನಿಂದ ಬಟ್ಟೆ ಹಿಡ್ಕೊಂಡು ಜಗ್ತಾ ಇರ್ತಾನೆ, ಇವಳು ಮಾತ್ರ ಡಬ್ಬಿಗಳನ್ನೇ ನೋಡ್ತಾ ನಿಂತಿರ್ತಾಳೆ. ಏನೇ ಹುಡುಕ್ತಿದೀಯ ಅಂದೆ. "ಏನೂ ಹುಡುಕ್ತಿಲ್ಲಮ್ಮಾ, ಏನ್ ಮಾಡ್ಲಿ ಅಂತ ನೋಡ್ತಿದೀನಿ" ಅಂದ್ಲು.

ನಾನೂ ಹಾಗೇ ನಿಂತಿದ್ದೆ, ವರ್ಷಗಟ್ಲೆ. ಇಪ್ಪತ್ತೆಂಟು ವರ್ಷ ಆಫೀಸಿಗೆ ಹೋಗ್ಕೊಂಡೇ ಎರಡು ಮಕ್ಕಳನ್ನ ಸಾಕಿದೀನಿ, ಅಡುಗೆ ಮಾಡೀ ಮಾಡೀ ಸುಸ್ತಾಗ್ತಿದೆ ಅಂತಾನೇ ಅಂದ್ಕೊಂಡಿದ್ದೆ. ಅಲ್ಲ ಕಣ್ರಮ್ಮಾ. ಹೆಚ್ಚೋದು, ಬೇಯ್ಸೋದು, ಪಾತ್ರೆ ತೊಳೆಯೋದು ಇವೆಲ್ಲ ಕೈಗೆ ರೂಢಿ ಆಗ್ಬಿಟ್ಟಿರತ್ತೆ, ತಲೆ ಬೇರೆಲ್ಲೋ ಇದ್ರೂ ಕೈ ಪಾಡಿಗೆ ಕೈ ನಡೀತಿರತ್ತೆ. ಜೀವ ಹಿಂಡೋದು ಆ ಒಂದು ಪ್ರಶ್ನೆ, ಇವತ್ತು ಏನು ಅನ್ನೋದು, ಅದೂ ದಿನದಲ್ಲಿ ತಲೆ ಪೂರ್ತಿ ಖಾಲಿ ಆಗಿರೋ ಹೊತ್ತಲ್ಲಿ, ಹಸಿದಿರೋ ಮಕ್ಕಳ ಎದುರಲ್ಲಿ. ಆ ಪ್ರಶ್ನೆಯನ್ನ ಸಂಜೆಯಿಂದ ಎತ್ತಿ ಬೇರೆ ಕಡೆ ಇಟ್ಬಿಟ್ರೆ ಅರ್ಧ ಟೆನ್ಶನ್ ಅಲ್ಲಿಗೇ ಕಡಿಮೆ.

ಅದಕ್ಕೆ ದೊಡ್ಡ ಮೆನು ಚಾರ್ಟ್ ಏನೂ ಬೇಡ. ಮಗಳು ಒಂದ್ಸಲ ಬಣ್ಣಬಣ್ಣದ ಚಾರ್ಟ್ ಮಾಡಿ ಅಂಟಿಸಿದ್ಲು, ಏಳು ದಿನಕ್ಕೆ ಇಪ್ಪತ್ತೊಂದು ಊಟ, ಒಂದೂ ರಿಪೀಟ್ ಇಲ್ಲ, ಎರಡನೇ ವಾರಕ್ಕೆ ಅದನ್ನ ನೋಡಿದ್ರೇ ಅವಳಿಗೆ ಅಳು ಬರ್ತಿತ್ತು. ನಾನು ಮಾಡ್ತಿದ್ದದ್ದು ಇಷ್ಟೇ, ದಿನಕ್ಕೆ ಒಂದು ಅಡುಗೆ ಅಂತ ಅಲ್ಲ, ದಿನಕ್ಕೆ ಒಂದು ಜಾತಿ. ಸೋಮವಾರ ಕಾಳು, ಮಂಗಳವಾರ ಮೊಟ್ಟೆ, ಬುಧವಾರ ಎಲ್ಲಾ ಒಂದೇ ಪಾತ್ರೆಗೆ ಹಾಕಿ ಬೇಯ್ಸೋದು, ಗುರುವಾರ ಸೂಪು, ಶುಕ್ರವಾರ ಮಿಕ್ಕಿದ್ದೆಲ್ಲಾ ಖಾಲಿ ಮಾಡೋ ದಿನ. ಸೋಮವಾರ ಅಂದ್ರೆ ಕಾಳು ಅಂತ ಗೊತ್ತಿದ್ರೆ ಭಾನುವಾರ ರಾತ್ರಿ ಮಲಗೋ ಮುಂಚೆ ಕೈ ತಾನಾಗೇ ನೆನೆಹಾಕತ್ತೆ. ಯಾವ ಕಾಳು, ಏನು ರುಚಿ ಅನ್ನೋದು ಆಮೇಲಿನ ಮಾತು. ಶನಿವಾರ ಭಾನುವಾರ ಖಾಲಿ ಬಿಡಿ, ಹೊಸದೇನಾದ್ರೂ ಟ್ರೈ ಮಾಡೋ ಹುಚ್ಚು ಬಂದ್ರೆ ಆ ದಿನ ಮಾಡಿ, ವಾರದ ಮಧ್ಯ ಬೇಡ. ಇನ್ನೊಂದು, ನಿಮ್ಮನೇಲಿ ಎಲ್ರೂ ತಕರಾರಿಲ್ದೆ ತಿನ್ನೋ ಅಡುಗೆ ಯಾವ್ಯಾವುದು ಅಂತ ಒಂದು ಚೀಟಿ ಬರೆದು ಫ್ರಿಡ್ಜ್ ಬಾಗ್ಲಿಗೆ ಅಂಟಿಸಿ. ಹತ್ತು ಬಂದ್ರೆ ನೀವು ಗೆದ್ರಿ. ಅವೇ ಹತ್ತು ತಿರುಗ್ತಾ ಇದ್ರೂ ಯಾರೂ ಸೊರಗಲ್ಲ.

ಈಗ ಭಾನುವಾರ ಕೂತು ವಾರಕ್ಕೆಲ್ಲಾ ಅಡುಗೆ ಮಾಡಿಟ್ಬಿಡೋ ಫ್ಯಾಶನ್ ಇದೆಯಲ್ಲಾ, ಅದರ ಬಗ್ಗೆ ನಂಗೆ ಸ್ವಲ್ಪ ಕೋಪ ಇದೆ, ಯಾಕಂದ್ರೆ ನಾನೂ ಮಾಡಿ ಕೈ ಸುಟ್ಕೊಂಡಿದೀನಿ. ಮಕ್ಕಳು ಚಿಕ್ಕವರಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ ಸ್ಟವ್ ಹಚ್ಚಿದೋಳು ಮಧ್ಯಾಹ್ನ ಮೂರಕ್ಕೆ ಆರಿಸ್ದೆ, ಹನ್ನೊಂದು ಡಬ್ಬಿ ತುಂಬಿ ಫ್ರಿಡ್ಜ್‌ನಲ್ಲಿ ಜೋಡಿಸಿಟ್ಟೆ, ನೋಡೋಕೆ ಏನ್ ಚೆಂದ ಅಂತೀರಾ. ಬುಧವಾರಕ್ಕೆ ಮಕ್ಕಳು ಮುಖ ಸಿಂಡರಿಸೋಕೆ ಶುರು, ಗುರುವಾರ ಯಜಮಾನ್ರು "ಹೊಟ್ಟೆ ಹಸಿವಿಲ್ಲ" ಅಂದ್ರು, ಶುಕ್ರವಾರ ನಾಲ್ಕು ಡಬ್ಬಿ ಮೂಸಿ ನೋಡಿ ಚೆಲ್ದೆ, ಭಾನುವಾರವೂ ಹೋಯ್ತು ಅಡುಗೆಯೂ ಹೋಯ್ತು. ಆಮೇಲೆ ಬುದ್ಧಿ ಬಂತು, ಪೂರ್ತಿ ಅಡುಗೆ ಮಾಡಿಡೋದಲ್ಲ, ಅರ್ಧ ಮಾಡಿಡೋದು. ಒಂದೇ ಗಂಟೆ ಸಾಕು. ಕಾಳು ಬೇಯಿಸಿ ಎರಡು ಪಾಲು ಮಾಡಿ ಒಂದು ಫ್ರಿಡ್ಜಿಗೆ ಒಂದು ಫ್ರೀಜರಿಗೆ. ಸೊಪ್ಪು ತೊಳೆದು, ನೀರಿನ ಪಸೆ ಇಲ್ದಂಗೆ ಆರಿಸಿ, ಒಣಬಟ್ಟೇಲಿ ಸುತ್ತಿ ಡಬ್ಬಿಗೆ, ಸೊಪ್ಪು ಕೊಳೆಯೋದೇ ಆ ಪಸೆಯಿಂದ. ಈರುಳ್ಳಿ ಟೊಮೇಟೊ ಒಂದ್ ದೊಡ್ಡ ಬಾಣಲೇಲಿ ಬಾಡಿಸಿಟ್ರೆ ನಾಲ್ಕು ದಿನದ ಅಡುಗೆಗೆ ಅದೇ ತಳಪಾಯ. ಮೊಟ್ಟೆ ಗಟ್ಟಿಯಾಗಿ ಬೇಯಿಸಿ ಸಿಪ್ಪೆ ಸಮೇತ ಫ್ರಿಡ್ಜಲ್ಲಿ ಇಟ್ರೆ ಒಂದು ವಾರ ಇರತ್ತೆ. ಆಲೂಗಡ್ಡೆ ಮಾತ್ರ ಮುಂಚೆ ಹೆಚ್ಚಿಡಬೇಡಿ, ಕಪ್ಪಾಗತ್ತೆ. ಇಷ್ಟಿದ್ರೆ ಸಂಜೆ ಇಪ್ಪತ್ತೈದು ನಿಮಿಷದಲ್ಲಿ ಬಿಸಿಬಿಸಿ ಊಟ, ಅದೇ ಕಾಳು ಸೋಮವಾರ ಒಂದು ರುಚಿ, ಬುಧವಾರ ಇನ್ನೊಂದು ರುಚಿ, ಮಕ್ಕಳಿಗೆ ಗೊತ್ತೇ ಆಗಲ್ಲ.

ಮಾಡಿಡೋ ವಿಷ್ಯ ಬಂತು ಅಂತ ಎರಡು ಮಾತು ಗಟ್ಟಿಯಾಗಿ ಹೇಳ್ಬಿಡ್ತೀನಿ. ಅನ್ನವನ್ನ ರಾತ್ರಿಯಿಡೀ ಸ್ಟವ್ ಮೇಲೆ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿ ಡಬ್ಬಿಗೆ ಹಾಕ್ಬೇಡಿ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಇರತ್ತೆ, ಅವು ಬೇಯಿಸಿದ್ರೂ ಸಾಯಲ್ಲ, ಅನ್ನ ಹೊರಗೆ ಬೆಚ್ಚಗೆ ಕೂತಷ್ಟೂ ಬೆಳೆದು ವಿಷ ಬಿಡತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ, ವಾಂತಿ ಭೇದಿ ಅಂತ ಮಗು ಮಲಗಿದ ಮೇಲೆ ನಾವು ಹೊರಗಿನ ತಿಂಡಿಗೆ ಬೈತೀವಿ. ಉಳಿದ ಅನ್ನವನ್ನ ಅಗಲವಾದ ತಟ್ಟೆಗೆ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಡ್ಜಿಗೆ ಹೋಗ್ಲಿ, ಮಾರನೇ ದಿನ ಮುಗಿಸ್ಬಿಡಿ. ಬೇರೆ ಅಡುಗೆ ಆದ್ರೆ ಎರಡು ಗಂಟೆಯೊಳಗೆ, ತುಂಬಾ ಸೆಕೆ ಇದ್ರೆ ಒಂದೇ ಗಂಟೆ, ಫ್ರಿಡ್ಜಲ್ಲಿ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬೇಡ, ಫ್ರಿಡ್ಜ್ ಒಳಗೆ 4 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಡಬ್ಬಿ ಮೇಲೆ ಒಂದು ತುಂಡು ಟೇಪ್ ಅಂಟಿಸಿ ದಿನ ಬರೆದ್ಬಿಡಿ, ಮೂಸಿ ನೋಡಿ ಹೇಳ್ತೀನಿ ಅನ್ನೋದೆಲ್ಲಾ ನಂಬೋ ಮಾತಲ್ಲ, ನಾನೂ ಮೂಸಿದೋಳೇ. ಎರಡನೇದು ರಾಜ್ಮಾ. ಅದನ್ನ ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿ ಬಂದ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದೀಬೇಕು, ಇಲ್ಲಾಂದ್ರೆ ಪ್ರೆಶರ್ ಕುಕ್ಕರಲ್ಲಿ ಪೂರ್ತಿ ಮೆತ್ತಗಾಗೋವರೆಗೂ ಬೇಯಿಸಿ. ಸಣ್ಣ ಉರೀಲಿ ಗಂಟೆಗಟ್ಲೆ ಇಡೋ ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕ್ಬಾರ್ದು, ಆ ಕಾಳಲ್ಲಿರೋ ಲೆಕ್ಟಿನ್ ಅನ್ನೋ ಹೊಟ್ಟೆ ಕೆಡಿಸೋ ವಿಷ ಆ ಶಾಖಕ್ಕೆ ಹೋಗಲ್ಲ.

ಹೆಲ್ದಿ ಅಂದ್ರೆ ಏನು ಅಂತ ಮಗಳು ದಿನಾ ಒಂದೊಂದು ಓದ್ಕೊಂಡು ಬರ್ತಾಳೆ, ನಂಗೆ ಕೇಳಿ ಕೇಳಿ ತಲೆ ಕೆಟ್ಟೋಯ್ತು. ತಟ್ಟೇಲಿ ಅರ್ಧ ತರಕಾರಿ ಹಣ್ಣು, ಕಾಲು ಭಾಗ ಧಾನ್ಯ, ಇನ್ನು ಕಾಲು ಭಾಗ ಕಾಳೋ ಮೊಟ್ಟೆಯೋ ಮೀನೋ, ಅಷ್ಟು ಕಣ್ಣಳತೆ ಇದ್ರೆ ಆಯ್ತು, ತಕ್ಕಡಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೋರು ದೊಡ್ಡೋರಿಗೆ ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ, ಉಪ್ಪು 5 ಗ್ರಾಂಗಿಂತ ಕಡಿಮೆ ಅಂತಾರೆ, ಅಂದ್ರೆ ಉಪ್ಪು ಒಂದು ಟೀ ಚಮಚ ಕೂಡ ಇಲ್ಲ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಆದ್ರೆ ಒಂದೊಂದು ಊಟಕ್ಕೂ ಲೆಕ್ಕ ಹಾಕ್ಬೇಡಿ, ವಾರ ಪೂರ್ತಿ ನೋಡಿ. ಒಂದು ದಿನ ತರಕಾರಿ ಇಲ್ದೇ ಹೋದ್ರೆ ಹೋಯ್ತು. ಫ್ರೋಜನ್ ತರಕಾರಿ ತರೋಕೆ ಕೆಲವರು ಕಳ್ಳತನ ಮಾಡ್ದಂಗೆ ನಾಚ್ಕೋತಾರೆ, ಅವನ್ನ ಕೊಯ್ದ ಸ್ವಲ್ಪ ಹೊತ್ತಿಗೇ ಬಿಸಿನೀರಿಗೆ ಹಾಕಿ ತೆಗೆದು ಫ್ರೀಜ್ ಮಾಡಿರ್ತಾರೆ, ನಿಮ್ ಫ್ರಿಡ್ಜಲ್ಲಿ ಆರು ದಿನದಿಂದ ಬಾಡ್ತಿರೋ ತರಕಾರಿಗಿಂತ ಎಷ್ಟೋ ವಾಸಿ. ಕಾಳು ಸೊಪ್ಪಿನ ಮೇಲೆ ನಿಂಬೆ ಹಿಂಡಿ, ಅದರ ವಿಟಮಿನ್ ಸಿ ಇದ್ರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತತ್ತೆ, ಊಟದ ಜೊತೆಗೇ ಟೀ ಕುಡಿದ್ರೆ ಅದೇ ಕಬ್ಬಿಣ ಸರಿಯಾಗಿ ಹತ್ತಲ್ಲ. ನಾನು ಟೀ ಬಿಡೋಳಲ್ಲ, ಒಂದು ಗಂಟೆ ತಡ ಮಾಡಿ ಕುಡೀತೀನಿ.

ಇನ್ನು ಮಕ್ಕಳು ತಿನ್ನಲ್ಲ ಅನ್ನೋದು. ಇದೇ ದೊಡ್ಡ ತಲೆನೋವು, ಇದಕ್ಕೇ ಎಲ್ಲಾ ಮನೇಲೂ ರಾತ್ರಿ ಗಲಾಟೆ. ಮೊದಲು ಒಂದು ತಿಳ್ಕೊಳ್ಳಿ, ಮಗು ಹುಟ್ಟಿದಾಗಿನ ತೂಕಕ್ಕೆ ಒಂದು ವರ್ಷ ತುಂಬೋ ಹೊತ್ತಿಗೆ ಹೆಚ್ಚುಕಡಿಮೆ ಮೂರು ಪಟ್ಟು ಆಗಿರತ್ತೆ, ಎರಡನೇ ವರ್ಷ ಪೂರ್ತಿ ಬೆಳೆದ್ರೂ ಎರಡು ಎರಡೂವರೆ ಕಿಲೋ ಅಷ್ಟೇ ಜಾಸ್ತಿ ಆಗೋದು. ಬೆಳವಣಿಗೆ ನಿಧಾನ ಆದ್ರೆ ಹಸಿವೂ ಇಳಿಯತ್ತೆ, ಸಹಜ. ನಾವು ಅದನ್ನ ಹಟ ಅಂತೀವಿ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ ಒಂದು ಹಂಚಿಕೆ ಇದೆ, ನಂಗೆ ತಡವಾಗಿ ಗೊತ್ತಾಯ್ತು, ಮುಂಚೆ ಗೊತ್ತಿದ್ದಿದ್ರೆ ನನ್ ಮಗನ ಹತ್ರ ಅಷ್ಟು ಜಗಳ ಆಡ್ತಿರ್ಲಿಲ್ಲ. ಏನು, ಯಾವಾಗ, ಎಲ್ಲಿ ಕೊಡೋದು ಅನ್ನೋದು ಅಪ್ಪ ಅಮ್ಮಂದು. ತಿನ್ನೋದಾ ಬಿಡೋದಾ, ಎಷ್ಟು ತಿನ್ನೋದು, ಅದು ಮಗೂದು. ಬಡಿಸಿ, ಸುಮ್ನಿರಿ. ಆ ಸುಮ್ನಿರೋದು ಇದೆಯಲ್ಲಾ, ಅದು ಅಡುಗೆಗಿಂತ ಕಷ್ಟದ ಕೆಲಸ.

ಮೊಮ್ಮಗ ಹುರುಳಿಕಾಯಿ ಕಂಡ್ರೆ ಕಿರುಚ್ತಿದ್ದ. ತಿನ್ನು ಅಂತ ನಾನು ಒಂದ್ಸಲಾನೂ ಹೇಳ್ಲಿಲ್ಲ, ಅವನಿಗಿಷ್ಟದ ಅಡುಗೆ ಪಕ್ಕದಲ್ಲಿ ಎರಡೇ ಎರಡು ತುಂಡು ಇಡ್ತಿದ್ದೆ. ಮೊದಲು ತಟ್ಟೆಯಿಂದ ಆಚೆ ತಳ್ದ. ಕೆಲವು ದಿನ ಆದ್ಮೇಲೆ ಬೆರಳಲ್ಲಿ ಹಿಸುಕಿ ಒಳಗಿನ ಪುಟ್ಟ ಬೀಜ ತೆಗೆದು ಸಾಲಾಗಿ ಜೋಡಿಸೋಕೆ ಶುರು ಮಾಡ್ದ, ಮೇಜೆಲ್ಲಾ ಗಲೀಜು, ಮಗಳು ಬಾಯಿ ತೆಗೆಯೋಕೆ ಹೋದ್ಲು, ನಾನು ಕಣ್ಣಲ್ಲೇ ಬೇಡ ಅಂದೆ. ಆಮೇಲೆ ಒಂದಿನ ನೆಕ್ಕಿ ವಾಪಸ್ ಇಟ್ಟ. ಹನ್ನೆರಡನೇದೋ ಹದಿಮೂರನೇದೋ ಸಲ ಯಾರೂ ನೋಡ್ದೇ ಇರೋವಾಗ ಬಾಯಿಗೆ ಹಾಕ್ಕೊಂಡ. ಹೊಸ ರುಚಿ ಒಗ್ಗೋಕೆ ಹತ್ತು ಹದಿನೈದು ಸಲ ಬೇಕಾಗತ್ತೆ ಮಕ್ಕಳಿಗೆ, ನಾವು ಮೂರನೇ ಸಲಕ್ಕೇ ನಮ್ಮ ಮಗುಗೆ ಅದು ಇಷ್ಟ ಇಲ್ಲ ಅಂತ ಊರಿಗೆಲ್ಲಾ ಹೇಳ್ಬಿಟ್ಟಿರ್ತೀವಿ, ಅದೂ ಮಗು ಎದುರಿಗೇ. ಇದು ತಿಂದ್ರೆ ಸಿಹಿ ಕೊಡ್ತೀನಿ ಅನ್ನೋ ಲಂಚವೂ ಬೇಡ, ಹಾಗಂದ್ರೆ ತರಕಾರಿ ಅನ್ನೋದು ಶಿಕ್ಷೆ ಅಂತ ನೀವೇ ಒಪ್ಕೊಂಡಂಗೆ.

ಅಡುಗೆ ಆಗೋವಷ್ಟರಲ್ಲಿ ಹಸಿವು ಅಂತ ಅಳ್ತಾರಲ್ಲಾ, ಆಗ ಬಿಸ್ಕತ್ತು ಜ್ಯೂಸು ಕೊಟ್ಟು ಆಮೇಲೆ ಊಟ ಮಾಡ್ಲಿಲ್ಲ ಅಂತ ಗೊಣಗಬೇಡಿ. ಆ ಹೊತ್ತಿಗೇ ಕ್ಯಾರೆಟ್ಟು, ಸೌತೆಕಾಯಿ, ಬೆಂದ ಕಾಳು ಒಂದು ತಟ್ಟೇಲಿ ಹಾಕಿ ಸುಮ್ನೆ ಮುಂದೆ ಇಟ್ಬಿಡಿ, ಹಸಿದ ಹೊಟ್ಟೆ ತಕರಾರು ಮಾಡಲ್ಲ, ಊಟಕ್ಕೆ ಮುಂಚೇನೇ ತರಕಾರಿ ಒಳಗೆ ಹೋಗಿರತ್ತೆ. ಪುಟ್ಟ ಮಕ್ಕಳಿಗೆ ಕ್ಯಾರೆಟ್ ಬೇಯಿಸಿ ಕೊಡಿ, ಐದು ವರ್ಷದೊಳಗಿನವರಿಗೆ ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಇಡೀ ಕಡಲೆಬೀಜ ಬಾದಾಮಿ ಕೊಡ್ಲೇಬೇಡಿ, ಗಂಟಲಿಗೆ ಸಿಕ್ಕೊಳ್ಳತ್ತೆ.

ಅಳಿಯಂದ್ರ ಬಗ್ಗೆ ಒಂದು ಮಾತು, ಓದಿದ್ರೆ ಬೇಜಾರು ಮಾಡ್ಕೋಬಾರ್ದು. "ಏನಾದ್ರೂ ಹೆಲ್ಪ್ ಬೇಕಾ" ಅಂತ ಅಡುಗೆಮನೆ ಬಾಗ್ಲಲ್ಲಿ ನಿಂತು ಕೇಳೋದು ಒಳ್ಳೇ ಗುಣಾನೇ, ಆದ್ರೆ ಏನು ಹೆಲ್ಪ್ ಅಂತ ಯೋಚಿಸಿ ಹೇಳೋದೂ ಅವಳಿಗೇ ಕೆಲಸ ಆಯ್ತಲ್ಲಪ್ಪಾ. ಅದಕ್ಕೆ ನಾನು ದಿನವನ್ನೇ ಹಂಚಿಸ್ದೆ. ಮಂಗಳವಾರ ಗುರುವಾರ ಅವರದ್ದು, ಏನು ಮಾಡೋದು, ಸಾಮಾನು ಇದೆಯಾ, ಮಾಡೋದು, ಬಡಿಸೋದು, ಕಟ್ಟೆ ಒರೆಸೋದು, ಆರಂಭದಿಂದ ಕೊನೇವರೆಗೂ. ಮಗಳು ಆ ದಿನ ಅಡುಗೆಮನೆಗೆ ಕಾಲಿಡಬಾರದು, ಉಪ್ಪು ಜಾಸ್ತಿ ಆಯ್ತು ಅನ್ನಬಾರದು. ಮೊದಲ ತಿಂಗಳು ಹೇಗ್ಹೇಗೋ ಆಯ್ತು, ಒಂದಿನ ಸೂಪು ಹೋಗಿ ಗೋಂದು ಆಗಿತ್ತು, ಈಗ ಅವರ ಮೊಟ್ಟೆ ಅಡುಗೆ ಇವಳದಕ್ಕಿಂತ ಚೆನ್ನಾಗಿರತ್ತೆ, ನಾನು ಹೇಳಿದೆ ಅಂತ ಹೇಳ್ಬೇಡಿ. ಮಕ್ಕಳಿಗೂ ಕೆಲಸ ಕೊಡಿ, ಮೂರು ವರ್ಷದೋರು ಸೊಪ್ಪು ಬಿಡಿಸ್ತಾರೆ, ಬಟಾಣಿ ಸುಲೀತಾರೆ, ಎಂಟು ವರ್ಷದೋರಿಗೆ ಸಿಪ್ಪೆ ಹೆರೆಯೋದು ಕಲ್ಸಬಹುದು. ನಿಧಾನ ಆಗತ್ತೆ, ಚೆಲ್ಲತ್ತೆ, ಅವಸರದ ದಿನ ಬೇಡ, ಆದ್ರೆ ತಾವೇ ಬಿಡಿಸಿದ್ದನ್ನ ತಿನ್ನೋವಾಗ ಅವರ ಮುಖ ನೋಡಿ ಒಂದ್ಸಲ.

ಎಲ್ಲಾ ಪ್ಲಾನೂ ಕೈಕೊಡೋ ದಿನ ಬಂದೇ ಬರತ್ತೆ, ಮೀಟಿಂಗ್ ಮುಗಿಯಲ್ಲ, ಮಗುಗೆ ಜ್ವರ, ಗ್ಯಾಸ್ ಖಾಲಿ. ಆ ದಿನಕ್ಕೆ ಅಂತಾನೇ ಒಂದು ಊಟ ಮೊದಲೇ ಗೊತ್ತುಮಾಡಿಟ್ಕೊಳ್ಳಿ. ನಮ್ಮನೇಲಿ ಅದು ಬ್ರೆಡ್ಡು, ಬೇಯಿಸಿಟ್ಟ ಮೊಟ್ಟೆ, ಒಂದು ಹಣ್ಣು, ಒಂದು ಲೋಟ ಹಾಲು. ಒಲೆ ಹಚ್ಚೋದೇ ಇಲ್ಲ. ತಾಯಿ ಅಂದ್ರೆ ದಿನಾ ಬಿಸಿ ಅಡುಗೆ ಮಾಡ್ಬೇಕು ಅಂತ ಯಾರೋ ಹೇಳಿರ್ತಾರೆ, ಹೇಳಿದೋರು ಪಾತ್ರೆ ತೊಳೆಯೋಕೆ ಬರಲ್ಲ.

ಮೊನ್ನೆ ಹೋದಾಗ ಫ್ರಿಡ್ಜ್ ಬಾಗ್ಲ ಮೇಲಿನ ಚೀಟಿ ನೋಡ್ದೆ, ಎಣ್ಣೆ ಕೈ ತಾಗಿ ಮೂಲೆಯೆಲ್ಲಾ ಹಳದಿ ಆಗಿತ್ತು. ಏಳು ಅಡುಗೆ ಮಗಳು ಬರೆದಿದ್ದು, ಎರಡು ಅಳಿಯಂದು, ಕೊನೇಲಿ ಪೆನ್ಸಿಲಲ್ಲಿ ಸೊಟ್ಟಸೊಟ್ಟ ಅಕ್ಷರದಲ್ಲಿ ಇನ್ನೊಂದು. "ಹುರುಳಿಕಾಯಿ, ಆದ್ರೆ ಬರೀ ಎರಡು" ಅಂತ.