ಬಾಗಿಸಿ ನೋಡದೆ ಮೆಗ್ನೀಷಿಯಂ ಲೇಪನವನ್ನು ನಂಬಬೇಡಿ

ಉಪ್ಪುನೀರಿನ ಮಂಜು ಸಿಂಪಡಿಸುವ ಸಾಲ್ಟ್ ಸ್ಪ್ರೇ ಪೆಟ್ಟಿಗೆಯಲ್ಲಿ ಸುಮ್ಮನೆ ನಿಲ್ಲಿಸಿದ ಪಟ್ಟಿ ಹಾಳಾಗಲಿಲ್ಲ ಎಂದ ಮಾತ್ರಕ್ಕೆ ಲೇಪನ ಪಾಸಾಯಿತು ಅನ್ನುವಂತಿಲ್ಲ. ಗಾಡಿಯಲ್ಲಿ ಬ್ರಾಕೆಟ್ ದುಡಿಯುವುದು ಭಾರ ಹೊತ್ತು, ಬಾಗಿ. ಪುಣೆಯ ಭೋಸರಿಯಲ್ಲಿ ಎಝೆಡ್31ಬಿ ಎಂಬ ಮೆಗ್ನೀಷಿಯಂ ಮಿಶ್ರಲೋಹದ ತಗಡಿಗೆ ಪ್ಲಾಸ್ಮಾ ಆನೋಡೈಸಿಂಗ್ (ದ್ರಾವಣದಲ್ಲಿ ಕರೆಂಟಿನ ಕಿಡಿಗಳಿಂದ ಮೈಮೇಲೆ ಸೆರಾಮಿಕ್ ಪದರ ಬೆಳೆಸುವುದು) ಮಾಡುವಾಗ ನಾನು ಪಾಲಿಸುವ ಕ್ರಮ ಇದು.

ಅಂಚುಗಳನ್ನು 1 ಮಿ.ಮೀ.ನಷ್ಟಾದರೂ ದುಂಡಗೆ ಮಾಡಿಕೊಳ್ಳಿ. ಚೂಪು ಅಂಚಿನಲ್ಲಿ ಪೇಂಟ್ ತೆಳುವಾಗಿಬಿಡುತ್ತದೆ. ಸ್ಟೀಲ್ ಬ್ರಷ್, ಸ್ಟೀಲ್ ಗ್ರಿಟ್ ಹತ್ತಿರವೂ ತರಬೇಡಿ. ಮೈಯಲ್ಲಿ ಹೂತ ಕಬ್ಬಿಣದ ಒಂದೊಂದು ಚೂರೂ ಸುತ್ತಲಿನ ಮೆಗ್ನೀಷಿಯಂ ಬೇಗ ಸವೆದುಹೋಗುವಂತೆ ಮಾಡುತ್ತದೆ. 600 ನಂಬರಿನ ಸಿಲಿಕಾನ್ ಕಾರ್ಬೈಡ್ ಕಾಗದ ಸಾಕು. ಮಳೆಗಾಲದಲ್ಲಿ ಉಜ್ಜಿದ ತುಂಡನ್ನು ರಾತ್ರಿ ಬಿಟ್ಟರೆ ಬೆಳಗ್ಗೆ ಮಂಕು ಪೊರೆ ಕಟ್ಟಿರುತ್ತದೆ, ಅದೇ ದಿನ ಬಾತಿಗೆ, ಅಂದರೆ ದ್ರಾವಣದ ಟ್ಯಾಂಕಿಗೆ, ಇಳಿಸಬೇಕು.

ಬಾತಿಗೆ ಲೀಟರಿಗೆ 10 ಗ್ರಾಂ ಸೋಡಿಯಂ ಸಿಲಿಕೇಟ್, 5 ಗ್ರಾಂ ಪೊಟ್ಯಾಷಿಯಂ ಹೈಡ್ರಾಕ್ಸೈಡ್. ಕರೆಂಟ್ ಚದರ ಡೆಸಿಮೀಟರಿಗೆ 3 ಆಂಪಿಯರ್. ವೋಲ್ಟೇಜ್ 200ರ ಆಸುಪಾಸಿಗೆ ಬಂದಾಗ ಮೈತುಂಬ ಸಣ್ಣ ಬಿಳಿ ಕಿಡಿಗಳು ಓಡಾಡುತ್ತವೆ. ಕಿಡಿ ದಪ್ಪವಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ, ಒಂದೇ ಕಡೆ ಕೂತರೆ ತಕ್ಷಣ ಕರೆಂಟ್ ಇಳಿಸಿ, ಅಲ್ಲಿ ಕುಳಿ ಬೀಳುತ್ತದೆ. ಬಾತ್ 30 ಡಿಗ್ರಿ ದಾಟಬಾರದು. ಏಪ್ರಿಲ್, ಮೇನಲ್ಲಿ ಚಿಲ್ಲರ್ ಇಲ್ಲದೆ ಸಾಧ್ಯವಿಲ್ಲ. ಟ್ಯಾಂಕಿನ ಮುಚ್ಚಳ ಎತ್ತಿದರೆ ಸಪ್ಲೈ ತಾನಾಗಿಯೇ ಕಟ್ ಆಗುವಂತಿರಲಿ, ಇದರಲ್ಲಿ ರಾಜಿ ಬೇಡ.

ಪದರ 8ರಿಂದ 10 ಮೈಕ್ರಾನ್ ದಪ್ಪವಾದಾಗ ನಿಲ್ಲಿಸುತ್ತೇನೆ. ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವವರು ಬಹಳ ಜನ. ಆದರೆ ಈ ಪದರ ಸೆರಾಮಿಕ್, ಪೆಡಸು. ಎಳೆತಕ್ಕೆ ಬಿರಿಯುತ್ತದೆ, ಆ ಬಿರುಕೇ ಲೋಹದೊಳಗಿನ ಫಟೀಗ್ ಬಿರುಕಿಗೆ (ಮತ್ತೆ ಮತ್ತೆ ಭಾರ ಬಿದ್ದು ಬೆಳೆಯುವ ಬಿರುಕಿಗೆ) ದಾರಿ. ಪದರದಲ್ಲಿ ರಂಧ್ರಗಳೂ ಇವೆ. ಅವುಗಳಲ್ಲಿ ಕ್ಷಾರ ಉಳಿದರೆ ಪೇಂಟ್ ಬೊಬ್ಬೆ ಏಳುತ್ತದೆ. ಹಾಗಾಗಿ ಬಿಸಿ ಡಿಐ (ಲವಣ ತೆಗೆದ) ನೀರಿನಲ್ಲಿ ಎರಡು ಸಲ ತೊಳೆದು, 110 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ತೆಳು ಎಪಾಕ್ಸಿ ಪ್ರೈಮರ್ ಹೊಡೆಯುತ್ತೇನೆ.

ಪರೀಕ್ಷೆಗೆ ಹೀಗೆ ಲೇಪಿಸಿದ 3 ಮಿ.ಮೀ. ದಪ್ಪದ ಪಟ್ಟಿಯನ್ನು ನಾಲ್ಕು ಪಿನ್ನುಗಳ ನಡುವೆ ಬಾಗಿಸುತ್ತೇನೆ. ಹೊರ ಆಧಾರಗಳ ಅಂತರ 100 ಮಿ.ಮೀ., ಎದುರು ಬದಿಯಿಂದ ಒತ್ತುವ ಒಳಗಿನವು ಅವುಗಳಿಂದ 25 ಮಿ.ಮೀ. ಒಳಕ್ಕೆ. ನಡುಭಾಗ 1.5 ಮಿ.ಮೀ. ಬಾಗಿದರೆ ಹೊರಮೈಯಲ್ಲಿ ಸುಮಾರು 90 ಮೆಗಾಪಾಸ್ಕಲ್ ಎಳೆತ. ಆಧಾರದ ಪಿನ್ನುಗಳು ನೈಲಾನ್ ಇರಲಿ, ಸ್ಟೀಲ್ ತಾಗಿದರೆ ಪರೀಕ್ಷೆಯೇ ಕೆಟ್ಟಂತೆ. ಮೊದಲು ಬಾಗಿಸಿ, ಆಮೇಲೆ 3.5% ಉಪ್ಪುನೀರಿಗೆ ಇಳಿಸಿ, ಏಳುವ ಗುಳ್ಳೆಗಳನ್ನು ಹಿಡಿಯಲು ಮೇಲೆ ಫನಲ್, ಬ್ಯುರೆಟ್ (ಅಳತೆ ಗುರುತಿನ ಗಾಜಿನ ಕೊಳವೆ) ಬೋರಲು ಹಾಕಿ. ಸಿಕ್ಕ ಪ್ರತಿ 1 ಮಿ.ಲೀ. ಹೈಡ್ರೋಜನ್ ಅಂದರೆ ಹೆಚ್ಚುಕಡಿಮೆ 1 ಮಿಲಿಗ್ರಾಂ ಮೆಗ್ನೀಷಿಯಂ ಕರಗಿದೆ.

ಅಳತೆಗಿಂತ ಗುಳ್ಳೆ ಏಳುವ ಜಾಗ ನೋಡಿ. ಪಟ್ಟಿಗೆ ಅಡ್ಡಲಾಗಿ ಸಾಲುಗಟ್ಟಿ ಎದ್ದರೆ ಲೇಪನ ಬಿರಿದಿದೆ, ಸೆರಾಮಿಕ್ ಪದರ 2 ಮೈಕ್ರಾನ್ ಇಳಿಸುತ್ತೇನೆ. ಒಂದೇ ಚುಕ್ಕೆಯಿಂದ ಎದ್ದರೆ ಕಬ್ಬಿಣದ ಚೂರೋ ಪೇಂಟಿನ ಪಿನ್‌ಹೋಲೋ ಇರುತ್ತದೆ, ಉಜ್ಜುವ ಹಂತಕ್ಕೇ ಹಿಂದಿರುಗಿ ಹುಡುಕುತ್ತೇನೆ.