ಸೋಪಿನ ಡಬ್ಬಿಯೊಳಗೆ ಜೇಬಿನ ಶ್ರವಣಯಂತ್ರ ಕಟ್ಟುವ ಕ್ರಮ

ಇದು ಕಿವಿಯ ಹಿಂದೆ ಸಿಕ್ಕಿಸುವ ಪುಟ್ಟ ಯಂತ್ರವಲ್ಲ. ಅಂಗಿಯ ಜೇಬಿನಲ್ಲಿಟ್ಟು ತಂತಿಯ ಈಯರ್‌ಫೋನಿನಲ್ಲಿ ಕೇಳುವ ಡಬ್ಬಿ. ಶ್ರವಣ ಪರೀಕ್ಷೆಯಲ್ಲಿ ನಷ್ಟ ಸುಮಾರು 55 ಡೆಸಿಬೆಲ್‌ನೊಳಗೆ ಇರುವ ದೊಡ್ಡವರಿಗೆ ಮನೆಮಾತು, ಅಂಗಡಿ, ಟಿವಿ ಇಷ್ಟಕ್ಕೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟಕ್ಕೆ ಇದರ ಶಕ್ತಿ ಸಾಲದು. ಮಕ್ಕಳಿಗೆ ಬೇಡವೇ ಬೇಡ. ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು ಆಗಲಿ. ಕಿವಿ ಸೋರುತ್ತಿದ್ದರೆ, ತಲೆ ತಿರುಗುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ಕೇಳದೇ ಹೋದರೆ ಅದೇ ದಿನ ಹೋಗಬೇಕು, ತಡಮಾಡಿದಷ್ಟೂ ಚಿಕಿತ್ಸೆ ಫಲಿಸುವುದು ಕಡಿಮೆ.

ಸಾಮಾನು ಹೆಚ್ಚೇನಿಲ್ಲ. ಹಳೆಯ ಟಿವಿ-ರೇಡಿಯೋ ರಿಪೇರಿ ಮಾಡುವ ಅಂಗಡಿಗಳಲ್ಲಿ ಬಹುಪಾಲು ಸಿಗುತ್ತದೆ. ಕಾಸರಗೋಡಿನಲ್ಲಿ ಸಿಗದ್ದನ್ನು ಚೀಟಿಯಲ್ಲಿ ಬರೆದುಕೊಂಡು ಮಂಗಳೂರಿಗೆ ಹೋದಾಗ ತಂದರಾಯಿತು. ಟಿಡಿಎ 2822 ಎಂ ಐಸಿ ಒಂದು (ಎಂಟು ಕಾಲಿನದು) ಮತ್ತು ಅದನ್ನು ಸಿಕ್ಕಿಸುವ ಬೇಸ್ (ಸಾಕೆಟ್). ಬಿಸಿ 549 ಟ್ರಾನ್ಸಿಸ್ಟರ್ ಒಂದು. 547 ಕೂಡ ನಡೆಯುತ್ತದೆ, ಆದರೆ 549ರಲ್ಲಿ ಹಿಸ್ಸೆನ್ನುವ ಸದ್ದು ಕಡಿಮೆ. ಎಲೆಕ್ಟ್ರೆಟ್ ಮೈಕ್ ಒಂದು. 1ಎನ್4148 ಡಯೋಡ್ ಎರಡು. 10 ಕಿಲೋಓಮ್ ವಾಲ್ಯೂಮ್ ಒಂದು, ‘ಲಾಗ್’ ಎಂದು ಕೇಳಿ ತೆಗೆದುಕೊಳ್ಳಿ. 3.5 ಮಿ.ಮೀ. ಸ್ಟೀರಿಯೋ ಜಾಕ್, ಸ್ವಿಚ್, ಎರಡು ಎಎ ಸೆಲ್ಲಿನ ಹೋಲ್ಡರ್, ಡಾಟ್ ಬೋರ್ಡಿನ ತುಂಡು. ರೆಸಿಸ್ಟರು, ಕೆಪಾಸಿಟರುಗಳ ಅಳತೆ ಕೆಳಗೆ ಜೋಡಣೆಯ ಜೊತೆಗೇ ಇದೆ. ಪುಸ್ತಕಗಳಲ್ಲಿ ಎಲ್ಲೆಲ್ಲೂ ಕಾಣುವ ಎಲ್‌ಎಂ 386 ಐಸಿಗೆ ಕನಿಷ್ಠ 4 ವೋಲ್ಟ್ ಬೇಕು, ಎರಡು ಸೆಲ್ಲಿಗೆ ಅದು ಏಳುವುದಿಲ್ಲ. 2822 ಎಂ 1.8 ವೋಲ್ಟ್‌ವರೆಗೂ ದುಡಿಯುತ್ತದೆ, ಚಾರ್ಜ್ ಮಾಡುವ 1.2 ವೋಲ್ಟಿನ ಸೆಲ್ ಎರಡು ಹಾಕಿದರೂ ತೊಂದರೆಯಿಲ್ಲ. ಸುಮ್ಮನಿರುವಾಗ ಎಲ್ಲ ಸೇರಿ ಎಳೆಯುವುದು 7 ಮಿಲಿಆಂಪಿಯರ್‌ನಷ್ಟು. ಹಾಗಾಗಿ ಒಳ್ಳೆಯ ಸೆಲ್ ವಾರಗಟ್ಟಲೆ ಬರುತ್ತದೆ.

ಜೋಡಣೆ ಹಿಂದಿನಿಂದ ಮುಂದಕ್ಕೆ ಬರಲಿ: ಮೊದಲು ಐಸಿ, ಕೊನೆಗೆ ಮೈಕ್. ಪ್ರತಿ ಹಂತವನ್ನೂ ಮೀಟರಿನಲ್ಲಿ ನೋಡಿ ಮುಂದೆ ಹೋಗಬಹುದು. ಒಂದು ಎಚ್ಚರ: ಮಲ್ಟಿಮೀಟರಿನ ‘ಪೀಂ’ ಸದ್ದನ್ನು ನಂಬಬೇಡಿ. ಮೇಲಿನ ಸ್ವರಗಳು ಹೋಗಿರುವ ಕಿವಿಗೆ ಅದು ಕೇಳುವುದೇ ಇಲ್ಲ, ಸರಿಯಾದ ಬೆಸುಗೆಯನ್ನೇ ಕೆಟ್ಟಿದೆಯೆಂದು ಬಿಚ್ಚಿ ಕೂರುವಂತಾಗುತ್ತದೆ. ಓಮ್‌ನಲ್ಲಿಟ್ಟು ಅಂಕಿ ನೋಡಿ.

ಐಸಿಯ 2ನೇ ಕಾಲಿಗೆ ಸೆಲ್ಲಿನ ಪ್ಲಸ್, 4ನೇ ಕಾಲಿಗೆ ಮೈನಸ್. ಈ ಎರಡರ ನಡುವೆ, ಐಸಿಗೆ ಅಂಟಿದಂತೆ, 470 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್. 8ನೇ ಕಾಲಿನಿಂದ ಮೈನಸ್ಸಿಗೆ 100 ಮೈಕ್ರೋಫ್ಯಾರಡ್, 5ನೇ ಕಾಲಿನಿಂದಲೂ ಅಷ್ಟೇ. ಪ್ಲಸ್ ತುದಿ ಐಸಿಯ ಕಡೆಗೆ. 6ನೇ ಕಾಲು ನೇರ ಮೈನಸ್ಸಿಗೆ, 3 ಖಾಲಿ. 7ನೇ ಕಾಲಿಗೆ ವಾಲ್ಯೂಮಿನ ನಡುವಿನ ಕಾಲು, ವಾಲ್ಯೂಮಿನ ಒಂದು ಬದಿ ಮೈನಸ್ಸಿಗೆ. 1ನೇ ಕಾಲಿನಿಂದ ಮೈನಸ್ಸಿಗೆ 4.7 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸಾಲಾಗಿ. ಇದನ್ನು ಬಿಟ್ಟರೆ ಐಸಿ ಕಿವಿಗೆ ಕೇಳದ ಸ್ವರದಲ್ಲಿ ತನ್ನಷ್ಟಕ್ಕೆ ಕೂಗಿಕೊಂಡು ಬಿಸಿಯಾಗುತ್ತದೆ. ಸೆಲ್ ಹಾಕಿ 1ನೇ ಕಾಲನ್ನು ಅಳೆಯಿರಿ: 3 ವೋಲ್ಟ್ ಕೊಟ್ಟಾಗ 1.2ರ ಆಸುಪಾಸು ಬರಬೇಕು. 0 ಅಥವಾ 3 ಬಂದರೆ ಎಲ್ಲೋ ಬೆಸುಗೆ ಒಂದಕ್ಕೊಂದು ಕೂಡಿದೆ.

ಇನ್ನು ಜಾಕಿನವರೆಗಿನ ತುಣುಕು. ಇಡೀ ಯಂತ್ರದಲ್ಲಿ ಬಿಡಲೇಬಾರದ ಭಾಗ ಇದು. 3 ವೋಲ್ಟಿನಲ್ಲಿ ಈ ಐಸಿ 32 ಓಮ್ ಈಯರ್‌ಫೋನಿಗೆ 20 ಮಿಲಿವ್ಯಾಟ್ ಕೊಡಬಲ್ಲದು. ಒಂದು ಮಿಲಿವ್ಯಾಟಿಗೇ 100 ಡೆಸಿಬೆಲ್ ಕೂಗುವ ಈಯರ್‌ಫೋನಿನಲ್ಲಿ ಅದು 113 ಡೆಸಿಬೆಲ್. ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿ ಕೂತಿರುವಾಗ ಯಕ್ಷಗಾನದ ಬಯಲಿನಲ್ಲಿ ಚೆಂಡೆ ಎದ್ದಿತು, ತೋಟದಲ್ಲಿ ಹುಲ್ಲು ಹೆರೆಯುವ ಯಂತ್ರ ಪಕ್ಕದಲ್ಲೇ ಹೊರಟಿತು ಎಂದುಕೊಳ್ಳಿ: ಉಳಿದಿರುವ ಶ್ರವಣಕ್ಕೂ ಪೆಟ್ಟು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬ ಲೆಕ್ಕದಲ್ಲಿ, ಪ್ರತಿ 3 ಡೆಸಿಬೆಲ್ ಏರಿಕೆಗೂ ಹೊತ್ತು ಅರ್ಧವಾಗುತ್ತದೆ; 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಕಿವಿ ಮಂದವಾದವರಿಗೂ ಇದೇ ಲೆಕ್ಕ.

ಆದ್ದರಿಂದ: 1ನೇ ಕಾಲು, 220 ಮೈಕ್ರೋಫ್ಯಾರಡ್ (ಪ್ಲಸ್ ಐಸಿಯ ಕಡೆಗೆ), ಆಮೇಲೆ 47 ಓಮ್. ಅಲ್ಲಿಂದ ಮೈನಸ್ಸಿಗೆ ಎರಡು ಡಯೋಡು, ಒಂದರ ಗೆರೆ ಮೇಲೆ, ಇನ್ನೊಂದರ ಗೆರೆ ಕೆಳಗೆ. ಅದೇ ಜಾಗದಿಂದ 68 ಓಮ್ ಹಾದು ಜಾಕಿಗೆ. ಜಾಕಿನ ಎಡ-ಬಲ ಎರಡನ್ನೂ ಕೂಡಿಸಿ, ಉಳಿದ ಕಾಲು ಮೈನಸ್ಸಿಗೆ. ಸದ್ದು ಎಷ್ಟೇ ಏರಲಿ, ಡಯೋಡಿನ ಬಳಿ 0.7 ವೋಲ್ಟ್ ದಾಟುವುದಿಲ್ಲ, ಕಿವಿಗೆ ಸುಮಾರು 100 ಡೆಸಿಬೆಲ್‌ನಲ್ಲಿ ತಡೆ ಬೀಳುತ್ತದೆ. ಈಯರ್‌ಫೋನಿನ ಪೆಟ್ಟಿಗೆಯ ಮೇಲೆ ಒಂದು ಮಿಲಿವ್ಯಾಟಿಗೆ 110 ಡೆಸಿಬೆಲ್ ಎಂದಿದ್ದರೆ 68ರ ಬದಲು 220 ಓಮ್ ಹಾಕಿ. ಪರೀಕ್ಷೆಗೆ ಸೆಲ್ ತೆಗೆದು, ಜಾಕ್ ಖಾಲಿ ಬಿಟ್ಟು, ಮೀಟರನ್ನು ಡಯೋಡಿನ ಗುರುತಿಗೆ ತಿರುಗಿಸಿ. ಕಡ್ಡಿಗಳನ್ನು ಅದಲುಬದಲು ಮಾಡಿದಾಗಲೂ 0.6ರ ಹತ್ತಿರ ತೋರಿಸಬೇಕು. ಒಂದೇ ಕಡೆ ತೋರಿಸಿದರೆ ಎರಡೂ ಒಂದೇ ದಿಕ್ಕಿಗೆ ಕೂತಿವೆ, ಅಥವಾ ಒಂದು ಸತ್ತಿದೆ. ಇದು ಸರಿಯಾಗುವ ತನಕ ಈಯರ್‌ಫೋನ್ ಕಿವಿಗೆ ಹೋಗಬಾರದು.

ಮುಂದಿನ ಹಂತ ಸುಲಭ. ಪ್ಲಸ್ಸಿನಿಂದ 470 ಓಮ್ ಹಾದು 100 ಮೈಕ್ರೋಫ್ಯಾರಡಿಗೆ (ಅದರ ಇನ್ನೊಂದು ತುದಿ ಮೈನಸ್ಸಿಗೆ) ಬಂದ ಬಿಂದು ಮೈಕಿಗೂ ಟ್ರಾನ್ಸಿಸ್ಟರಿಗೂ ಬೇರೆ ಊಟದ ಎಲೆ ಇದ್ದ ಹಾಗೆ. ಇದಿಲ್ಲದಿದ್ದರೆ ಐಸಿ ಜೋರಾಗಿ ದುಡಿದಾಗ ಸೆಲ್ಲಿನ ವೋಲ್ಟ್ ಕುಸಿಯುತ್ತದೆ, ಆ ಕುಸಿತವನ್ನೇ ಮೈಕಿನ ಸಾಲು ಸದ್ದೆಂದು ಹಿಡಿದು ಮತ್ತೆ ಐಸಿಗೆ ಕಳಿಸುತ್ತದೆ. ದೋಣಿಯ ಇಂಜಿನಿನಂತೆ ‘ಪುಕುಪುಕು’ ಸದ್ದು ಶುರು. ಟ್ರಾನ್ಸಿಸ್ಟರಿನ ಮೂರು ಕಾಲುಗಳು ಕಲೆಕ್ಟರ್, ಬೇಸ್, ಎಮಿಟರ್: ಆ ಬಿಂದುವಿನಿಂದ ಕಲೆಕ್ಟರಿಗೆ 4.7 ಕಿಲೋಓಮ್, ಕಲೆಕ್ಟರಿನಿಂದ ಬೇಸಿಗೆ 1 ಮೆಗಾಓಮ್, ಎಮಿಟರ್ ಮೈನಸ್ಸಿಗೆ. ಕಲೆಕ್ಟರಿನಿಂದ 1 ಮೈಕ್ರೋಫ್ಯಾರಡ್ ಹಾದು ವಾಲ್ಯೂಮಿನ ಉಳಿದ ತುದಿಗೆ. ಕಲೆಕ್ಟರಿನಲ್ಲಿ 1.2ರಿಂದ 1.7 ವೋಲ್ಟ್ ಇದ್ದರೆ ಸರಿ. ಮೈಕಿಗೆ ಅದೇ ಬಿಂದುವಿನಿಂದ 2.2 ಕಿಲೋಓಮ್, ಮೈಕಿನಿಂದ ಬೇಸಿಗೆ 33 ನ್ಯಾನೋಫ್ಯಾರಡ್, ಮೈಮೇಲೆ 333 ಎಂದು ಬರೆದದ್ದು. ಮೈಕಿನ ಎರಡು ಚುಕ್ಕಿಗಳಲ್ಲಿ ಹೊರಗಿನ ತಗಡಿಗೆ ಗೆರೆ ಕೂಡಿರುವುದೇ ಮೈನಸ್. ಬೆಸುಗೆ ಎರಡು ಸೆಕೆಂಡಿನಲ್ಲಿ ಮುಗಿಯಲಿ. ಕಾವು ತಾಗಿದ ಮೈಕ್ ಸಾಯದಿದ್ದರೂ ಕ್ಷೀಣವಾಗಿ, ಚರಚರ ಎನ್ನುತ್ತ ಉಳಿಯುತ್ತದೆ.

ಆ 33 ನ್ಯಾನೋಫ್ಯಾರಡನ್ನು ನೇರ ಬೆಸೆಯದೆ ಐಸಿ ಸಾಕೆಟ್ಟಿನ ತುಂಡಿನಲ್ಲಿ ಸಿಕ್ಕಿಸಿ, ಬದಲಾಯಿಸಲು ಬರಲಿ. ಸಾಮಾನ್ಯವಾಗಿ ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಮೇಲಿನ ಸ್ವರಗಳು. ಕೂಗು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ‘ಕಾಲು, ಸಾಲು, ಹಾಲು, ಪಾಲು’ ನಾಲ್ಕೂ ‘ಆಲು’ ಆಗಿಬಿಡುತ್ತವೆ. ಕೆಳಗಿನ ಸ್ವರಗಳನ್ನು ಕತ್ತರಿಸುವುದು ಈ ಕೆಪಾಸಿಟರಿನ ಕೆಲಸ: 33 ಹಾಕಿದರೆ ಸುಮಾರು 300 ಹರ್ಟ್ಸ್‌ನ ಕೆಳಗೆ, 10 ಹಾಕಿದರೆ 1000ದ ಕೆಳಗೆ, 100 ಹಾಕಿದರೆ 100ರ ಕೆಳಗೆ ಇಳಿಯುತ್ತದೆ. ಮನೆಯವರೊಬ್ಬರು ಬೆನ್ನ ಹಿಂದೆ ಎರಡು ಮೀಟರ್ ದೂರ ನಿಂತು ಇಂಥ ಇಪ್ಪತ್ತು ಶಬ್ದ ಓದಲಿ. ತುಟಿ ಕಾಣಬಾರದು. ಕೇಳಿದ್ದನ್ನು ಬರೆಯಿರಿ, ಕೆಪಾಸಿಟರ್ ಬದಲಿಸಿ ಶಬ್ದಗಳ ಸಾಲು ಬದಲಿಸಿ ಮತ್ತೆ ಬರೆಯಿರಿ. ಹೆಚ್ಚು ಸರಿ ಬಂದದ್ದೇ ನಿಮ್ಮ ಕೆಪಾಸಿಟರ್, ‘ಜೋರು’ ಅನ್ನಿಸಿದ್ದಲ್ಲ.

ಡಬ್ಬಿಗೆ ಮುಚ್ಚಳದ ಸೋಪಿನ ಪೆಟ್ಟಿಗೆ ಚೆನ್ನ. ಮೈಕನ್ನು ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ ಕೂರಿಸಿ, ಇಲ್ಲದಿದ್ದರೆ ಅಂಗಿ ಉಜ್ಜಿದ್ದೆಲ್ಲ ಕಿವಿಯಲ್ಲಿ ಗುಡುಗುತ್ತದೆ. ಮೊಬೈಲ್ ಹತ್ತಿರ ಬಂದಾಗ ‘ಟರ್ ಟರ್’ ಎಂದರೆ ಬೇಸಿನಿಂದ ಎಮಿಟರಿಗೆ 100 ಪೈಕೋಫ್ಯಾರಡ್ ಹಾಕಿ, ಡಬ್ಬಿಯ ಒಳಮೈಗೆ ಅಲ್ಯುಮಿನಿಯಂ ಟೇಪ್ ಅಂಟಿಸಿ ಮೈನಸ್ಸಿಗೆ ಕೂಡಿಸಿ. ಈಯರ್‌ಫೋನಿನ ರಬ್ಬರ್ ಸಡಿಲವಿದ್ದರೆ ಸದ್ದು ಹೊರಬಂದು ಮೈಕಿಗೆ ಮರಳಿ ಶಿಳ್ಳೆ ಹೊಡೆಯುತ್ತದೆ. ಆ ಶಿಳ್ಳೆ ಹಾಕಿಕೊಂಡವರಿಗೇ ಕೇಳದಿರಬಹುದು, ಪಕ್ಕದವರು ಮುಖ ಕಿವಿಚುತ್ತಾರೆ. ಫೋನಿನಲ್ಲಿ ಸ್ವರಗಳ ಗೆರೆ ತೋರಿಸುವ ಆ್ಯಪ್ ತೆರೆದು ಹಿಡಿದರೆ ಒಂದೇ ಒಂದು ಚೂಪು ಗೆರೆ ಎದ್ದು ಕಾಣುತ್ತದೆ. ದೊಡ್ಡ ರಬ್ಬರ್ ಹಾಕಿ, ಅದೂ ಸಾಲದಿದ್ದರೆ ವಾಲ್ಯೂಮ್ ಇಳಿಸಿ.

ನಮ್ಮೂರ ಮಳೆಗಾಲ ಇದರ ದೊಡ್ಡ ಶತ್ರು. ಬೆಸುಗೆ ಮುಗಿದ ಮೇಲೆ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ಬೋರ್ಡಿನ ತಾಮ್ರದ ಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಮೈಕಿನ ಬಾಯಿಗೆ ಮಾತ್ರ ತಾಗಿಸಬೇಡಿ. ರಾತ್ರಿ ಸೆಲ್ ತೆಗೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಇಡಿ.

ಶೀಟಿನ ಮಾಡಿಗೆ ಮಳೆ ಬಡಿಯುವಾಗ ಯಾವ ಕೆಪಾಸಿಟರೂ ಕೈ ಹಿಡಿಯದು, ಏಕೆಂದರೆ ಮಳೆಯ ಸದ್ದಿನಲ್ಲಿ ಎಲ್ಲ ಸ್ವರಗಳೂ ಇವೆ. ಅಲ್ಲಿ ದಾರಿ ಒಂದೇ: ಮೈಕನ್ನು ಮಾತಾಡುವವರ ಬಳಿಗೆ ಒಯ್ಯುವುದು. ದೂರ ಅರ್ಧವಾದಾಗ ಮಾತು 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಹಾಗಾಗಿ ಎರಡನೇ ಮೈಕೊಂದನ್ನು ಒಂದು ಮೀಟರ್ ಶೀಲ್ಡ್ ವಯರಿನ ತುದಿಗೆ ಬೆಸೆದು, ಬಟ್ಟೆ ಒಣಹಾಕುವ ಕ್ಲಿಪ್ ಕಟ್ಟಿ, ಡಬ್ಬಿಯ ಮೈಕಿನ ಜಾಗಕ್ಕೆ ಬರುವಂತೆ ಸಣ್ಣ ಸ್ವಿಚ್ ಇಡಿ. ವಯರಿನ ಹೊರಜಾಲರಿ ಮೈನಸ್ಸಿಗೆ. ಊಟದ ಮೇಜಿನಲ್ಲಿ ಎದುರಿನವರ ಕೊರಳಪಟ್ಟಿಗೆ ಸಿಕ್ಕಿಸಿದರೆ ವಾಲ್ಯೂಮನ್ನು ಕಾಲುಭಾಗ ತಿರುಗಿಸಿದರೂ ಸಾಕಾಗುತ್ತದೆ.