ಐರಿಶ್ ಫಿಡಲ್ (ಪಿಟೀಲು) ಕಲಿಯುವವರಿಗೆ: ಟ್ಯೂನ್ ಹಿಡಿಯುವ ಮೊದಲು ಕೈ ಬಿಸಿ ಮಾಡಿಕೊಳ್ಳಿ

ವಾದ್ಯ ತೆಗೆದ ಕೂಡಲೇ ರೀಲ್ (ವೇಗದ ಕುಣಿತದ ಟ್ಯೂನ್) ನುಡಿಸಲು ಹೊರಡಬೇಡಿ. ಮೊದಲು ಖಾಲಿ ತಂತಿಗಳ ಮೇಲೆ ಉದ್ದ, ನಿಧಾನದ ಬಿಲ್ಲು ಎಳೆಯಿರಿ. ದನಿ ನಡುಗದಿದ್ದರೆ ಮುಂದಕ್ಕೆ.

ಐರಿಶ್ ಟ್ಯೂನ್‌ಗಳಲ್ಲಿ ಬಹುಪಾಲು ಡಿ ಮೇಜರ್, ಜಿ ಮೇಜರ್‌ನಲ್ಲೇ ಇವೆ, ಕೈ ಮೊದಲ ಪೊಸಿಷನ್ (ವಾದ್ಯದ ತಲೆಯ ಬಳಿಯ ಜಾಗ) ಬಿಟ್ಟು ಸಾಮಾನ್ಯವಾಗಿ ಕದಲುವುದಿಲ್ಲ. ಹಾಗಾಗಿ ಹನ್ನೆರಡೂ ಸ್ಕೇಲ್‌ಗಳ (ಸ್ವರಶ್ರೇಣಿಗಳ) ಹಿಂದೆ ಬೀಳುವುದು ಸದ್ಯಕ್ಕೆ ದಂಡ. ಡಿ ಸ್ಕೇಲ್‌ನಲ್ಲಿ ಎ ತಂತಿಯ ಎರಡನೇ ಬೆರಳು ಮೂರನೆಯದಕ್ಕೆ ಅಂಟಿಕೊಂಡಿರುತ್ತದೆ. ಜಿ ಸ್ಕೇಲ್‌ಗೆ ಬಂದಾಗ ಅದೇ ಬೆರಳು ಹಿಂದೆ ಸರಿದು ಮೊದಲನೆಯದರ ಪಕ್ಕ ಕೂರಬೇಕು. ಅಪಸ್ವರ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಎರಡೂ ಸ್ಕೇಲ್ ಬೆನ್ನುಬೆನ್ನಿಗೆ ನುಡಿಸಿ.

ಆಮೇಲೆ ಡೋರಿಯನ್, ಮಿಕ್ಸೋಲಿಡಿಯನ್ ಎಂಬ ಸ್ಕೇಲ್‌ಗಳು. ಕರ್ನಾಟಕ ಪಿಟೀಲು ಬಲ್ಲವರಿಗೆ ಇವು ಖರಹರಪ್ರಿಯ, ಹರಿಕಾಂಭೋಜಿಗಳ ಸ್ವರಗಳೇ, ಮೇಜರ್ ಸ್ಕೇಲ್ ಅಂದರೆ ಶಂಕರಾಭರಣದವು. ಆದರೆ ಗಮಕದ ಜಾರು ಇಲ್ಲಿ ಬೇಡ (ಆ ಚಾಳಿ ಬಿಡುವುದು ಸುಲಭವಲ್ಲ ಬಿಡಿ!). ಬೆರಳು ನೇರ ಬಿದ್ದು ನೇರ ಏಳಬೇಕು.

ಸ್ಕೇಲನ್ನು ಲಯದಲ್ಲೇ ನುಡಿಸಿ: ಜಿಗ್‌ಗೆ (ಇದೂ ಕುಣಿತದ ಟ್ಯೂನ್) ಮೂರು ಮೂರು ಸ್ವರ, ರೀಲ್‌ಗೆ ನಾಲ್ಕು ನಾಲ್ಕು. ಐರ್ಲೆಂಡಿನ ಸ್ಲೈಗೋ ಪ್ರದೇಶದ ಶೈಲಿಯ ಒಲವಿದ್ದರೆ ಸ್ವರಗಳನ್ನು ಒಂದೇ ಬಿಲ್ಲಿನಲ್ಲಿ ಕೂಡಿಸಿ. ಅಲ್ಲಿನದೇ ಡೊನೆಗಾಲ್ ಪ್ರದೇಶದ ಶೈಲಿ ಬೇಕಿದ್ದರೆ ಹೆಚ್ಚಾಗಿ ಸ್ವರಕ್ಕೊಂದು ಬಿಲ್ಲು. ಸ್ಲೈಗೋ ಶೈಲಿ ಕೇಳಲು ಫಿಡಲ್ ವಾದಕ ಮೈಕಲ್ ಕೋಲ್ಮನ್ (1891–1945) ರೆಕಾರ್ಡಿಂಗ್‌ಗಳಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಕೊನೆಗೆ ಪ್ರತಿ ಸ್ವರಕ್ಕೂ ಒಂದು ಕಟ್ (ಚಿಕ್ಕ ಅಲಂಕಾರ) ಸೇರಿಸಿ: ಮೇಲಿನ ಬೆರಳು ತಂತಿಯನ್ನು ತಟ್ಟಿ ಏಳಬೇಕು ಅಷ್ಟೇ, ಒತ್ತಬಾರದು. ರೋಲ್ ಎಂಬ ದೊಡ್ಡ ಅಲಂಕಾರವನ್ನು ಕಟ್ ಹದಕ್ಕೆ ಬಂದಮೇಲೆ ಕಲಿಯಿರಿ.